ಅರ್ಧ ಜೀಪು

ಚನ್ನಗಿರಿಗೆ ಅಪಾರ್ಟ್‌ಮೆಂಟು ಬಂದದ್ದು ತೀರ ಈಚೆಗೆ. ಬಂದ ಹೊಸತರಲ್ಲಿ ಜನ ಅದನ್ನು ನೋಡಲೆಂದೇ ಸಂಜೆ ಹೊತ್ತು ಬಸವಾಪಟ್ಟಣದ ರಸ್ತೆಯ ಕಡೆ ವಾಕಿಂಗು ಹೋಗುತ್ತಿದ್ದರು. ಒಬ್ಬರ ತಲೆಯ ಮೇಲೆ ಇನ್ನೊಬ್ಬರು ಒಲೆ ಹಚ್ಚಿಕೊಂಡು ಬದುಕುವ ಆ ಏರ್ಪಾಟು ಹೆಂಗಸರಿಗೆ ನಗು ತರಿಸುತ್ತಿತ್ತು. ನಾಲ್ಕು ಅಂತಸ್ತು, ಒಂದು ಲಿಫ್ಟು, ಕೆಳಗೆ ಗಾಡಿ ನಿಲ್ಲಿಸಲು ಜಾಗ, ಗೇಟಿನಲ್ಲಿ ಕುರ್ಚಿ ಹಾಕಿಕೊಂಡು ಕೂತ ವಾಚ್‌ಮನ್ ಧರ್ಮಪ್ಪ. ಹೆಸರು ಶಾಂತಿಸಾಗರ ಎನ್‌ಕ್ಲೇವ್. ಸಾಗರ ದೂರದಲ್ಲೈತೆ, ಶಾಂತಿ ಅದಕ್ಕಿಂತ ದೂರದಲ್ಲೈತೆ ಎಂದು ಜಯದೇವಪ್ಪ ತಮಾಷೆ ಮಾಡುತ್ತಿದ್ದ. ಅಲ್ಲಿನ ಮಾಲೀಕರ ಸಂಘಕ್ಕೆ ಅಧ್ಯಕ್ಷ ಅವನೇ ಆದದ್ದರಿಂದ ಎಲ್ಲರೂ ನಗಲೇಬೇಕಿತ್ತು.

ಆ ಜಾಗದ ಹಳೆಯ ಕಥೆ ಗೊತ್ತಿದ್ದವರು ಇಬ್ಬರೇ. ಒಬ್ಬ ಜಯದೇವಪ್ಪ, ಇನ್ನೊಬ್ಬ ಅವನ ಎದುರು ಮನೆಯ ಕಲೀಮುಲ್ಲಾ. ಈಗ ಕಾರುಗಳು ಸಾಲಾಗಿ ನಿಲ್ಲುವ ನೆಲ ಒಂದು ಕಾಲಕ್ಕೆ ಇವರಿಬ್ಬರೂ ಬಾಡಿಗೆಗೆ ಹಿಡಿದಿದ್ದ ಅಡಿಕೆ ಕಣ. ಇಬ್ಬರದೂ ಕೂಡು ಖೇಣಿ ವ್ಯಾಪಾರ. ಮರದ ಮೇಲಿನ ಫಸಲಿಗೆ ಕಣ್ಣಳತೆಯಲ್ಲೇ ಬೆಲೆ ಕಟ್ಟಿ, ತೋಟದವರಿಗೆ ಮುಂಗಡ ಕೊಟ್ಟು, ಕೊಯ್ಯುವುದು, ಸುಲಿಯುವುದು, ಬೇಯಿಸುವುದು, ಒಣಗಿಸುವುದು ಎಲ್ಲವನ್ನೂ ತಾವೇ ಹೊತ್ತುಕೊಂಡು, ಕೊನೆಗೆ ಮಂಡಿಯಲ್ಲಿ ರಾಶಿ ಸುರಿದು ಮಾರುವ ಕಸುಬು. ಬಂದರೆ ಬೆಟ್ಟ, ಹೋದರೆ ಬಟ್ಟೆ. ಕಲೀಮುಲ್ಲಾನದು ಕಣ್ಣು, ಜಯದೇವಪ್ಪನದು ಬಾಯಿ. ಒಬ್ಬ ಗೊನೆ ನೋಡಿ ತೂಕ ಹೇಳುತ್ತಿದ್ದ, ಇನ್ನೊಬ್ಬ ತೋಟದ ಯಜಮಾನನನ್ನು ಮಾತಿನಲ್ಲಿ ಕರಗಿಸುತ್ತಿದ್ದ.

ಈಗ ಲಿಫ್ಟು ಇರುವ ಮೂಲೆಯಲ್ಲಿ ಆಗ ತಾಮ್ರದ ಹಂಡೆ ಕುದಿಯುತ್ತಿತ್ತು. ಸಿಮೆಂಟು ಅಂಗಡಿಯ ಗುರುಬಸವರಾಜ್ ತನ್ನ ದೊಡ್ಡ ಕಾರು ನಿಲ್ಲಿಸುವ ಕಡೆ, ಜಗಳೂರಿನ ಸೊಕ್ಕೆಯಿಂದ ಬಂದ ಹೆಂಗಸರು ಸಾಲಾಗಿ ಕೂತು ಅಡಿಕೆ ಸುಲಿಯುತ್ತಿದ್ದರು. ಅವರ ಮುಂದಾಳು ಹೊನ್ನೂರಮ್ಮನ ಬಾಯಿಗೆ ಹೆದರಿ ಜಯದೇವಪ್ಪ ಕೂಲಿ ಕೊಡುವ ದಿನ ಹೊತ್ತಿಗೆ ಮುಂಚೆಯೇ ಬಂದು ನಿಲ್ಲುತ್ತಿದ್ದ. ಅವರು ಹಾಡುತ್ತಿದ್ದರು, ಬೈದಾಡುತ್ತಿದ್ದರು, ಮಗುವಿಗೆ ಜೋಳಿಗೆ ಕಟ್ಟಿ ತೂಗುತ್ತಿದ್ದರು. ಎಷ್ಟು ಚೆನ್ನಾಗಿತ್ತು ಆ ಕಾಲ ಎಂದು ಜಯದೇವಪ್ಪನಿಗೆ ಈಗ ಅನ್ನಿಸುತ್ತದೆ. ಆಗ ಹಾಗೆ ಅನ್ನಿಸಿರಲಿಲ್ಲ, ಆಗ ಬರೀ ಬೆನ್ನುನೋವು ಇತ್ತು. ಮಳೆ ಬಿದ್ದ ದಿನ ಪಾರ್ಕಿಂಗಿನ ನೆಲದಿಂದ ಬೇಯಿಸಿದ ಅಡಿಕೆಯ ಒಗರು ವಾಸನೆ ಏಳುತ್ತದೆ ಎಂದು ಅವನು ಹೆಂಡತಿ ಶಿವಗಂಗಮ್ಮನಿಗೆ ಎಷ್ಟೋ ಸಲ ಹೇಳಿದ್ದ. ಅವಳು, "ಅದು ಡೀಸೆಲ್ ವಾಸ್ನೆ ರೀ" ಎಂದು ಒಳಗೆ ಹೋಗುತ್ತಿದ್ದಳು.

ಮೊಣಕಾಲು ಕೈಕೊಟ್ಟ ಮೇಲೆ ಜಯದೇವಪ್ಪ ಖೇಣಿ ಬಿಟ್ಟ. ಪೇಟೆಯಲ್ಲಿದ್ದ ಮಳಿಗೆಗಳ ಬಾಡಿಗೆ ತಿಂಗಳು ತಿಂಗಳು ಬರುತ್ತಿತ್ತು, ಸಾಕಾಗಿತ್ತು. ಜಗಳವಿಲ್ಲ, ಮುನಿಸಿಲ್ಲ, ಹಂಡೆ, ತಕ್ಕಡಿ, ತಾಟು, ಚೀಲ ಎಲ್ಲ ಸಮನಾಗಿ ಪಾಲಾಯಿತು. ಉಳಿದದ್ದು ಜೀಪು. ಇಬ್ಬರೂ ಅರ್ಧರ್ಧ ಹಾಕಿ ಶಿವಮೊಗ್ಗದಿಂದ ತಂದ, ಆಗಲೇ ಒಬ್ಬರ ಕೈಯಲ್ಲಿ ಮುದಿಯಾಗಿದ್ದ ಜೀಪು. "ಇದನ್ನ ಹೆಂಗೋ ಪಾಲು ಮಾಡೋದು? ಸ್ಟೇರಿಂಗು ನಂಗೆ, ಟೈರು ನಿಂಗೆ ಅಂತಲಾ?" ಎಂದು ಕಲೀಮುಲ್ಲಾ ನಕ್ಕಿದ್ದ. ಹಾಗೆ ಪಾಲಾಗದೆ ಉಳಿದ ಜೀಪು ಅವನ ಬಳಕೆಯಲ್ಲೇ ಇತ್ತು, ಅವನ ಪಾರ್ಕಿಂಗಿನಲ್ಲೇ ನಿಲ್ಲುತ್ತಿತ್ತು. ಖೇಣಿಯನ್ನು ಅವನು ಬಿಟ್ಟಿರಲಿಲ್ಲ. ಕಣವನ್ನು ಮಾತ್ರ ಊರಾಚೆಗೆ ಸಾಗಿಸಿದ್ದ.

ಆ ಜೀಪಿಗೆ ಒಂದು ಚಾಳಿ. ಥಂಡಿ ಹಿಡಿದರೆ ಸೆಲ್ಫ್ ಸ್ಟಾರ್ಟಿಗೆ ಬಗ್ಗುತ್ತಿರಲಿಲ್ಲ, ತಳ್ಳಲೇಬೇಕು. ಓಡಿಸುವವನು ಯಾವಾಗಲೂ ಕಲೀಮುಲ್ಲಾ, ತಳ್ಳುವವನು ಜಯದೇವಪ್ಪ. ಅವನು ಕೈಯಿಂದ ತಳ್ಳುವವನಲ್ಲ. ಜೀಪಿಗೆ ಬೆನ್ನು ಕೊಟ್ಟು, ಹಿಮ್ಮಡಿ ಊರಿ ದೂಡುತ್ತಿದ್ದ. ಎಂಜಿನ್ನು ಹಿಡಿಯಿತೆಂದರೆ ಕಲೀಮುಲ್ಲಾ ನಿಲ್ಲಿಸುತ್ತಿರಲಿಲ್ಲ, ನಿಲ್ಲಿಸಿದರೆ ಮತ್ತೆ ತಳ್ಳಬೇಕು. ಜಯದೇವಪ್ಪ ತಿರುಗಿ ಓಡಬೇಕು, ಅವನು ಎಡಗೈ ಚಾಚಿ ಇವನನ್ನು ಒಳಗೆ ಎಳೆದುಕೊಳ್ಳಬೇಕು. ಬಸವಾಪಟ್ಟಣದ ಬಸ್ ನಿಲ್ದಾಣದ ಮುಂದೆ ಹಾಗೆ ಓಡಿ ಹತ್ತುವ ಇವನನ್ನು ನೋಡಿ ಚಹಾದಂಗಡಿಯವರು ಸಿಳ್ಳೆ ಹೊಡೆಯುತ್ತಿದ್ದರು.

ಇನ್ನು ಸಂಘದ ಹೊಸ ನಿಯಮದ ಮಾತು. ಬೇಸಿಗೆಯಲ್ಲಿ ಲಿಫ್ಟು ಕೆಟ್ಟು ನಿಂತಿತು. ರಿಪೇರಿ ಮಾಡಿಸೋಣವೆಂದರೆ ಸಂಘದ ಪೆಟ್ಟಿಗೆಯಲ್ಲಿ ಕಾಸಿಲ್ಲ. ಮೇಂಟೆನೆನ್ಸು ಕಟ್ಟುವುದರಲ್ಲಿ ಎಲ್ಲರೂ ಉದಾಸೀನ. ಮೇಲಂತಸ್ತಿನಲ್ಲಿದ್ದ ಗುರುಬಸವರಾಜ್ ಏದುಸಿರು ಬಿಡುತ್ತಲೇ ಸಭೆಗೆ ಬಂದು, "ಹೊನ್ನಾಳಿಯಾಗೆ ನಮ್ಮ ಹಳೇ ಮನೇಲೇ ಇದ್ದಿದ್ರೆ ಚೆನ್ನಾಗಿತ್ತು. ಅಧ್ಯಕ್ಷರೇ, ಬಿಗಿ ಮಾಡ್ರಿ ಇಲ್ಲಾ ಬಿಡ್ರಿ" ಎಂದ. ಜಯದೇವಪ್ಪನಿಗೆ ರೋಷ ಬಂತು. ಮೂರು ತಿಂಗಳು ಬಾಕಿ ಉಳಿಸಿಕೊಂಡವರ ಗಾಡಿಗೆ ಒಳಗೆ ಜಾಗವಿಲ್ಲ, ಹೊರಗೆ ರಸ್ತೆಯಲ್ಲಿ ನಿಲ್ಲಿಸಬೇಕು, ಯಾರಿಗೂ ವಿನಾಯಿತಿ ಇಲ್ಲ ಎಂದು ಅಲ್ಲೇ ಎದ್ದು ಹೇಳಿದ. ಚಪ್ಪಾಳೆ ಬಿತ್ತು. ಸಂಘದ ಕಾರ್ಯದರ್ಶಿ ಮೇಘಶ್ರೀ ಅದನ್ನು ಹಾಗೇ ಬರೆದುಕೊಂಡಳು. ನ್ಯಾಮತಿಯ ಗೋವಿನಕೋವಿಯ ಆ ಹುಡುಗಿಗೆ ಬ್ಯಾಂಕಿನಲ್ಲಿ ಕೆಲಸ, ಬಾಕಿ ಎಂದರೆ ಅವಳಿಗೆ ಬಾಕಿಯೇ. ಕಲೀಮುಲ್ಲಾ ಕೊನೆಯ ಸಾಲಿನಲ್ಲಿ ಕೂತು ಮೊಣಕಾಲು ಒತ್ತಿಕೊಳ್ಳುತ್ತಿದ್ದ.

ನಿಯಮ ಕೆಲಸ ಮಾಡಿತು. ರಸ್ತೆಯಲ್ಲಿ ನಿಂತ ಕಾರನ್ನು ಊರೆಲ್ಲ ನೋಡುತ್ತದೆ ಎಂಬ ಭಯಕ್ಕೆ ಒಬ್ಬೊಬ್ಬರೇ ಬಂದು ಕಟ್ಟಿದರು, ಲಿಫ್ಟೂ ರಿಪೇರಿಯಾಯಿತು. ಗಣಪತಿ ಹಬ್ಬದ ಹೊತ್ತಿಗೆ ಉಳಿದದ್ದು ಒಂದೇ ಹೆಸರು.

"ಅಂಕಲ್, ಕಲೀಮುಲ್ಲಾ ಅಂಕಲ್‌ದು ಒಂದೇ ಉಳಿದೈತೆ. ನೋಟಿಸು ಕೊಟ್ಟೆ. ಈ ಭಾನುವಾರಕ್ಕೆ ಗಡುವು ಮುಗೀತೈತೆ" ಎಂದು ಮೇಘಶ್ರೀ ಹೇಳಿದಾಗ ಪಕ್ಕದಲ್ಲಿದ್ದ ಗುರುಬಸವರಾಜ್ ನಕ್ಕ. "ಆ ಜೀಪಿನಾಗೆ ಅರ್ಧ ಅಧ್ಯಕ್ಷರದ್ದೇ ಅಂತಲ್ಲ. ಹಂಗಾರೆ ಅರ್ಧ ಒಳಗೆ ಇರ್ಲಿ, ಅರ್ಧ ಹೊರಗೆ ಹಾಕ್ರಿ."

ಎಲ್ಲರ ಜೊತೆ ಜಯದೇವಪ್ಪನೂ ನಕ್ಕ. ಮನೆಗೆ ಬಂದ ಮೇಲೆ ಯೋಚಿಸುತ್ತ ಕೂತ. ಅತ್ತ ದರಿ, ಇತ್ತ ಪುಲಿ. ಗೆಳೆಯನಿಗೆಂದು ನಿಯಮ ಸಡಿಲಿಸಿದರೆ ನಾಳೆ ಯಾರಿಗೂ ಮುಖ ತೋರಿಸುವಂತಿಲ್ಲ. ಸಡಿಲಿಸದಿದ್ದರೆ ಜೀಪು ಹೊರಗೆ ಹೋಗುತ್ತದೆ. ಅವರಿಬ್ಬರ ನಡುವೆ ಪಾಲಾಗದೆ ಉಳಿದದ್ದು ಅದೊಂದೇ. ಅದನ್ನು ತನ್ನ ಕೈಯಾರೆ ಬೀದಿಗೆ ಹಾಕಿದರೆ ಕಲೀಮನೂ ತನ್ನ ಪಾಲಿಗೆ ಹೊರಗೆ ಹೋದಂತೆಯೇ ಎಂದು ಅವನಿಗೆ ಸ್ಪಷ್ಟವಾಗಿ ಗೊತ್ತಿತ್ತು. ಎದುರು ಬಾಗಿಲಲ್ಲಿದ್ದೂ ಈಗ ವಾರಕ್ಕೊಮ್ಮೆ ಮಾತಾಡುವಂತಾಗಿತ್ತು. ಅದೂ ನಿಂತರೆ ಆಮೇಲೆ ತನ್ನ ಹರೆಯವನ್ನು ನೆನಪಿಟ್ಟುಕೊಂಡವರು ಯಾರೂ ಇರುವುದಿಲ್ಲ.

"ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ ಅಂತಾರೆ" ಎಂದಳು ಶಿವಗಂಗಮ್ಮ, ಅವಲಕ್ಕಿಯ ತಟ್ಟೆ ಮುಂದಿಡುತ್ತ. "ನೀವು ಮೇಂಟೆನೆನ್ಸಿಗೆ ಕಳ್ಕಂತಾ ಇದೀರಿ. ಹೋಗಿ ಮಾತಾಡ್ರಿ."

ಶನಿವಾರ ಸಂಜೆ ಎದುರು ಬಾಗಿಲು ತಟ್ಟಿದ. ಕಲೀಮುಲ್ಲಾನ ಹೆಂಡತಿ ಸೈದಾಬೀ, "ಬರ್ರಿ ಭಾಯ್, ಕೂತ್ಕಳ್ರಿ" ಎಂದು ಚಹಾ ತಂದಿಟ್ಟಳು. ಕಲೀಮುಲ್ಲಾ ಆಗಷ್ಟೇ ತೋಟದಿಂದ ಬಂದಿದ್ದ. ಬೆರಳ ತುದಿಗಳು ಅಡಿಕೆಯ ಒಗರಿಗೆ ಕಪ್ಪಾಗಿದ್ದವು. ಆ ಬೆರಳು ನೋಡಿ ಜಯದೇವಪ್ಪನಿಗೆ ಹೊಟ್ಟೆಕಿಚ್ಚಾಯಿತು. ತನ್ನ ಬೆರಳು ಈಗ ಮಂತ್ರಿಯ ಬೆರಳಿನಷ್ಟು ಬೆಳ್ಳಗಿತ್ತು.

"ಈ ಸಲಕ್ಕೆ ನಾನು ಕಟ್ಟಿರ್ತೀನಿ ಕಲೀಮ. ಆಮೇಲೆ ನೋಡ್ಕಳ್ಳಣ."

"ನಿನ್ ದುಡ್ಡು ನಂಗ್ಯಾಕೆ? ಸುಗ್ಗಿಗೆ ಕೊಡ್ತೀನಿ."

"ಎಲ್ಲಾ ಕಡೆ ತಿಂಗಳು ತಿಂಗಳು ಕಟ್ತಾರಪ್ಪ. ಸುಗ್ಗಿಗೆ ಕೊಡ್ತೀನಿ ಅಂದ್ರೆ ಲಿಫ್ಟು ಕೇಳ್ತೈತಾ? ಕಾಲ ಹಂಗಿಲ್ಲ ಈಗ."

"ಕಾಲ ಹೆಂಗೈತೆ ಅಂತ ನಂಗೂ ಗೊತ್ತೈತೆ."

ಸೈದಾಬೀ ಏನೋ ಹೇಳಲು ಬಾಯಿ ತೆರೆದಳು. ಗಂಡ ಅವಳ ಕಡೆ ನೋಡಿದ, ಅವಳು ಚಹಾದ ಟ್ರೇ ಎತ್ತಿಕೊಂಡು ಒಳಗೆ ಹೋದಳು. ಜಯದೇವಪ್ಪನಿಗೆ ಸಿಟ್ಟು ನೆತ್ತಿಗೇರಿತು. ಅಷ್ಟು ದೊಡ್ಡ ತೋಟಗಳನ್ನು ಹಿಡಿದವನಿಗೆ ಈ ಪುಡಿಕಾಸು ಕಟ್ಟಲು ಆಗುವುದಿಲ್ಲವೆಂದರೆ ಅದು ಹಟವಲ್ಲದೆ ಮತ್ತೇನು? ತನ್ನನ್ನು ಎಲ್ಲರೆದುರು ಸಣ್ಣವನನ್ನಾಗಿ ಮಾಡಬೇಕೆಂದೇ ಹೊರಟಿದ್ದಾನೆ. ಚಹಾ ಅರ್ಧಕ್ಕೇ ಬಿಟ್ಟು ಎದ್ದು ಬಂದ.

ಭಾನುವಾರ ಬೆಳಿಗ್ಗೆ ಸೋನೆ ಮಳೆ. ಆದರೂ ಪಾರ್ಕಿಂಗಿನಲ್ಲಿ ಜನ ಸೇರಿದ್ದರು. ಬಿಟ್ಟಿ ತಮಾಷೆ ಯಾರಿಗೆ ಬೇಡ? ಮೇಘಶ್ರೀ ಕೊಡೆ ಹಿಡಿದು ನಿಂತಿದ್ದಳು. ಸಂಬಂಧಿಕರ ಗೃಹಪ್ರವೇಶಕ್ಕೆ ಹೊನ್ನಾಳಿಗೆ ಹೊರಟಿದ್ದ ಗುರುಬಸವರಾಜ್ ಇಸ್ತ್ರಿಯ ಬಿಳಿ ಅಂಗಿಯಲ್ಲಿ ಕಾರಿನೊಳಗೆ ಕೂತೇ ನೋಡುತ್ತಿದ್ದ. ಕಲೀಮುಲ್ಲಾ ಲಿಫ್ಟಿನಿಂದ ಇಳಿದು ನೇರ ಜಯದೇವಪ್ಪನ ಹತ್ತಿರ ಬಂದು ಕೀಲಿಕೈಯನ್ನು ಅವನ ಅಂಗೈಯಲ್ಲಿಟ್ಟ.

"ನಿನ್ ರೂಲು. ಜೀಪೂ ಅರ್ಧ ನಿಂದೇ. ನೀನೇ ಹೊರಗೆ ಹಾಕು."

ಜಯದೇವಪ್ಪ ಹಿಂದೆ ಸರಿಯುವಂತಿರಲಿಲ್ಲ. ಅಷ್ಟು ವರ್ಷ ಆ ಜೀಪನ್ನು ತಳ್ಳಿದ್ದನೇ ಹೊರತು ಅದರ ಸ್ಟೇರಿಂಗು ಮುಟ್ಟಿದ್ದು ಕಡಿಮೆ. ಪಂಚೆ ಎತ್ತಿಕಟ್ಟಿ ಹತ್ತಿದ. ಸೀಟಿನಲ್ಲಿ ಕಲೀಮ ಕೂತು ಕೂತು ಒಂದು ಹಳ್ಳ ಬಿದ್ದಿತ್ತು, ಅದರೊಳಗೆ ಕೂತಾಗ ಬೇರೆಯವರ ಚಪ್ಪಲಿ ಮೆಟ್ಟಿದಂತೆ ಆಯಿತು. ಅದೃಷ್ಟಕ್ಕೋ ದುರದೃಷ್ಟಕ್ಕೋ ಎಂಜಿನ್ನು ಗುರುಗುಟ್ಟಿ ಹಿಡಿಯಿತು. ಜೀಪು ಮುಗ್ಗರಿಸುತ್ತ ಗೇಟಿನ ಏರು ಹತ್ತಿತು, ಮುಂದಿನ ಗಾಲಿ ಹೊರಗೆ ಬಂತು, ಹಿಂದಿನದು ಒಳಗಿತ್ತು. ಅಲ್ಲಿಗೆ ಕೆಮ್ಮಿ ಸತ್ತುಹೋಯಿತು.

ಎಷ್ಟು ತಿರುಗಿಸಿದರೂ ಕೀಲಿಗೆ ಜವಾಬಿಲ್ಲ. ಅರ್ಧ ಜೀಪು ಒಳಗೆ, ಅರ್ಧ ಜೀಪು ಹೊರಗೆ. ಗುರುಬಸವರಾಜ್ ಹೇಳಿದ್ದು ಅಕ್ಷರಶಃ ನಿಜವಾಗಿತ್ತು, ಆದರೆ ಈಗ ಅವನೇ ನಗುತ್ತಿರಲಿಲ್ಲ. ಅವನ ಕಾರು ಹಿಂದೆ ಸಿಕ್ಕಿಕೊಂಡಿತ್ತು. ಅವನು ಹಾರನ್ನು ಒತ್ತಿದ. ಧರ್ಮಪ್ಪ ಕುರ್ಚಿ ಎತ್ತಿಕೊಂಡು ಗೋಡೆಗೆ ಒರಗಿ ನಿಂತ.

ಕಲೀಮುಲ್ಲಾ ನಿಧಾನವಾಗಿ ಬಂದು ಎಡಗಡೆಯ ಸೀಟಿಗೆ ಹತ್ತಿ ಕೂತ. ಅದು ಜಯದೇವಪ್ಪನ ಸೀಟು. ಇಬ್ಬರೂ ಗಾಜಿನ ಮೇಲೆ ಇಳಿಯುವ ಹನಿಗಳನ್ನು ನೋಡಿದರು.

"ಯಾಕೋ ಹಿಂಗೆ ಮಾಡ್ತೀಯ?" ಎಂದ ಜಯದೇವಪ್ಪ. ಸಿಟ್ಟು ಎಲ್ಲೋ ಇಳಿದುಹೋಗಿ ದನಿ ಸಣ್ಣದಾಗಿತ್ತು. "ನಂಗೆ ಬುದ್ಧಿ ಕಲಿಸಾಕಾ?"

"ನಿಂಗೆ ನೆನಪಿಲ್ಲ, ಅಲ್ವಾ?"

"ಏನು?"

ಕಲೀಮುಲ್ಲಾ ಕಪ್ಪು ಬೆರಳಿನಿಂದ ಮುಂದಿನ ಬಾನೆಟ್ಟು ತೋರಿಸಿದ. "ಅಲ್ಲಿ ಕೈ ಇಟ್ಟು ಕಸಮ್ ತಗೊಂಡಿದ್ವಿ. ಮೊದ್ಲನೇ ರಾಶಿ ಮಾರೋ ತನಕ ಹಳೇ ಬಾಕಿಗೆ ಒಂದು ಕಾಸೂ ಬಿಚ್ಚಬಾರ್ದು. ಕೂಲಿ ಮೊದ್ಲು, ಊರು ಆಮೇಲೆ. ನಾನು ಹೇಳಿದ್ದಲ್ಲ ಜೈದೇವ. ನೀನು ಹೇಳ್ಸಿದ್ದು."

ಮಳೆಯ ಒಗರು ವಾಸನೆ ಒಮ್ಮೆಲೇ ಜಯದೇವಪ್ಪನ ಮೂಗಿಗೆ ಹೊಡೆಯಿತು. ಈ ಸಲ ಅದು ಡೀಸೆಲ್ಲಲ್ಲ.

ಅವರ ಖೇಣಿಯ ಎರಡನೆಯ ವರ್ಷ ಅದು. ಪೇಟೆಯ ದಿನಸಿ ಅಂಗಡಿಯವನು ಬಾಕಿ ಕೇಳುವಾಗ ಒಂದು ಮಾತು ಹೆಚ್ಚಾಡಿದ್ದ. ಜಯದೇವಪ್ಪನಿಗೆ ಆಗ ಮೀಸೆಯ ಬಿಸಿ. ಕಲೀಮನಿಗೂ ಹೇಳದೆ, ಕೂಲಿಗೆಂದು ಇಟ್ಟಿದ್ದ ಹಣ ತೆಗೆದು ಅಂಗಡಿಯವನ ಮುಖಕ್ಕೆ ಎಸೆದು ಬಂದ. ಊರಿನಲ್ಲಿ ತಲೆಯೆತ್ತಿ ನಡೆದ. ವಾರದ ಕೊನೆಗೆ ಸೊಕ್ಕೆಯ ಹೆಂಗಸರಿಗೆ ಕೊಡಲು ಏನೂ ಇರಲಿಲ್ಲ. ಹೊನ್ನೂರಮ್ಮ ಆವತ್ತು ಬೈಯಲಿಲ್ಲ. "ನಾವೂ ಮಕ್ಳು ಮರಿ ಬಿಟ್ಟು ಬಂದಿರೋರಪ್ಪ" ಎಂದಷ್ಟೇ ಹೇಳಿ, ಗಂಟು ಕಟ್ಟಿಕೊಂಡು ತನ್ನವರನ್ನೆಲ್ಲ ಕರೆದುಕೊಂಡು ಬಸ್ಸು ಹತ್ತಿದಳು. ಆಮೇಲೆ ಜಡಿಮಳೆ ಹಿಡಿಯಿತು. ಸುಲಿಯುವವರಿಲ್ಲದೆ ಹಸಿ ಅಡಿಕೆಯ ಗುಡ್ಡೆ ಕಣದಲ್ಲೇ ಬಿಸಿಯಾಗಿ, ಕಪ್ಪಾಗಿ, ಕೊಳೆತು ನಾರಿತು. ಇದೇ ನೆಲ. ಕೊಳೆತದ್ದನ್ನು ಗೋರಿ ಜೀಪಿಗೆ ತುಂಬಿ ತಿಪ್ಪೆಗೆ ಹಾಕಿ ಬಂದ ಸಂಜೆ, ಅಳುತ್ತ ನಿಂತಿದ್ದ ಜಯದೇವಪ್ಪ ಕಲೀಮನ ಕೈ ಹಿಡಿದು ಬಾನೆಟ್ಟಿನ ಮೇಲಿಟ್ಟು, ಅದರ ಮೇಲೆ ತನ್ನ ಕೈಯಿಟ್ಟು ಆಣೆ ಮಾಡಿಸಿದ್ದ. ಬದುಕಿರೋ ತನಕ ಅಂದಿದ್ದ.

ಆಮೇಲೆ ಪ್ರತಿ ವರ್ಷ ಹಾಗೇ ನಡೆಯಿತು. ಅಂಗಡಿಯವರು, ಬಟ್ಟೆಯವರು, ಕಡೆಗೆ ಮಸೀದಿಯವರೂ ಮಠದವರೂ ಕಾದರು. ಮೊದಲ ರಾಶಿ ಮಾರಿದ ದಿನ ಇಬ್ಬರೂ ಜೀಪಿನಲ್ಲಿ ಪೇಟೆ ಸುತ್ತಿ ಎಲ್ಲರ ಬಾಕಿ ತೀರಿಸಿ ಬರುತ್ತಿದ್ದರು. ತಿಂಗಳ ಬಾಡಿಗೆಯ ಸುಖಕ್ಕೆ ಬಿದ್ದ ಮೇಲೆ ಜಯದೇವಪ್ಪ ಇದೆಲ್ಲವನ್ನೂ ಮರೆತಿದ್ದ. ಹೊನ್ನೂರಮ್ಮನ ಹಾಡು ನೆನಪಿತ್ತು, ಹಂಡೆಯ ಹೊಗೆ ನೆನಪಿತ್ತು, ಚಹಾದಂಗಡಿಯ ಸಿಳ್ಳೆ ನೆನಪಿತ್ತು. ಬೇಕಾದದ್ದನ್ನಷ್ಟೇ ಆರಿಸಿ ಇಟ್ಟುಕೊಂಡಿದ್ದ. ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು.

"ಈಗ್ಲೂ ಸೊಕ್ಕೆಯೋರೇ ಬರ್ತಾರಾ?" ಎಂದು ಕೇಳಿದ.

"ಹೊನ್ನೂರಮ್ಮನ ಮಗಳು ಸಾವಂತ್ರಮ್ಮ ಕರ್ಕಂಡು ಬರ್ತಾಳೆ. ಅಮ್ಮನ ಬಾಯೇ ಅವಳಿಗೂ ಬಂದೈತೆ. ಮುಂಗಡ ಎಲ್ಲ ತೋಟಕ್ಕೆ ಹೋತು, ಉಳಿದಿದ್ದು ಅವಳ ಜನಕ್ಕೆ. ಅದ್ರಾಗೆ ಕೈ ಹಾಕಾಕೆ ನಂಗೆ ಬರಲ್ಲ."

ಹಿಂದಿನಿಂದ ಮತ್ತೆ ಹಾರನ್ನು ಕೇಳಿಸಿತು.

"ನಾನು ಕಟ್ತೀನಿ ಅಂದ್ರೂ ಬ್ಯಾಡ ಅಂದೆ."

"ನೀನು ಕಟ್ಟಿದ್ರೂ ನನ್ ಬಾಕಿನೇ ತೀರಿದಂಗೆ. ಕಸಮಿಗೆ ಹಿತ್ಲು ಬಾಗ್ಲು ಇರಲ್ಲ."

ಜಯದೇವಪ್ಪ ಸ್ಟೇರಿಂಗಿನ ಮೇಲಿಂದ ಕೈ ತೆಗೆದ. "ಹಂಗಾರೆ ಬಾ, ಕೆಳಗಿಳಿ. ಆಣೆ ಮಾಡ್ಸಿದೋನು ನಾನು, ನಾನೇ ಬಿಡಿಸ್ತೀನಿ. ಬಾನೆಟ್ ಮೇಲೆ ಕೈ ಇಡು, ಮುಗೀತು ಅಂತೀನಿ. ಆಮೇಲೆ ದುಡ್ಡು ಕಟ್ಟಿ ಜೀಪು ಒಳಗೆ ನಿಲ್ಸು."

ಕಲೀಮುಲ್ಲಾ ಇಳಿಯಲಿಲ್ಲ. ಕತ್ತು ತಿರುಗಿಸಿ ಗೆಳೆಯನನ್ನು ನೋಡಿದ. ಗಡ್ಡವೆಲ್ಲ ಬೆಳ್ಳಗಾಗಿದ್ದರೂ ಗೊನೆ ನೋಡಿ ತೂಕ ಹೇಳುವ ಅದೇ ಕಣ್ಣು.

"ಹಂಡೆ ಪಾಲಾತು. ತಕ್ಕಡಿ ಪಾಲಾತು. ಕಣದ ಮೇಲೆ ಈ ಬಿಲ್ಡಿಂಗು ನಿಂತ್ಕಂತು. ಕಸಮೂ ಬಿಟ್ರೆ ನಾವಿಬ್ರೂ ಯಾವುದರಾಗೆ ಪಾಲುದಾರರು ಹೇಳು? ಜೀಪು ಹೊರಗೆ ನಿಲ್ಲಲಿ ಬಿಡು. ಅದು ರಸ್ತೆ ಮೇಲೆ ಹುಟ್ಟಿದ್ದೇ ಅಲ್ವಾ?"

ಮಾತಿನಲ್ಲೇ ತೋಟ ಗೆಲ್ಲುತ್ತಿದ್ದ ಜಯದೇವಪ್ಪನ ಬಾಯಿ ಆವತ್ತು ಕಟ್ಟಿತು. ಕಣ್ಣು ತುಂಬಿದ್ದನ್ನು ಪಂಚೆಯ ಚುಂಗಿನಲ್ಲಿ ಒರೆಸಿಕೊಂಡ. ಇಷ್ಟು ವರ್ಷ ಹಳೆಯ ಕಾಲ ಹೋಯಿತು ಹೋಯಿತು ಎಂದು ಬಾಲ್ಕನಿಯಲ್ಲಿ ಕೂತು ಕೊರಗಿದ್ದ. ಅದು ಎಲ್ಲಿಗೂ ಹೋಗಿರಲಿಲ್ಲ. ಎದುರು ಮನೆಯವನು ಅದನ್ನು ಒಬ್ಬನೇ ಹೊತ್ತುಕೊಂಡು ದಿನಾ ಬೆಳಿಗ್ಗೆ ತೋಟಕ್ಕೆ ಹೋಗಿ ಬರುತ್ತಿದ್ದ.

"ಈ ಕಡೆ ಬಾ" ಎಂದು ಕೀಲಿಕೈ ಕೊಟ್ಟು ಕೆಳಗಿಳಿದ.

ಕಲೀಮುಲ್ಲಾ ಸರಿದು ತನ್ನ ಹಳ್ಳದಲ್ಲಿ ಕೂತ. ಜಯದೇವಪ್ಪ ಜೀಪಿನ ಹಿಂದಕ್ಕೆ ನಡೆದು ಬಂದಾಗ ನೆರೆದವರಿಗೆಲ್ಲ ಅವನು ಅದನ್ನು ಒಳಕ್ಕೆ ಎಳೆಸುತ್ತಾನೆಂದೇ ಅನ್ನಿಸಿತು. ಇಬ್ಬರೂ ರಾಜಿಯಾದರು, ಕಥೆ ಮುಗಿಯಿತು ಎಂದುಕೊಂಡು ಮೇಘಶ್ರೀ ಮುಂದೆ ಬಂದಳು.

"ಅಂಕಲ್, ಬೇಕಾದ್ರೆ ಸಭೆ ಕರೆದು ಅವರಿಗೆ ಟೈಮ್ ಕೊಡಣ. ಮಳೆ ಬೇರೆ."

"ಬ್ಯಾಡಮ್ಮ. ರೂಲು ರೂಲೇ. ಗಾಡಿ ಹೊರಗೆ ಹೋಗ್ತೈತೆ. ಮೊದ್ಲನೇ ರಾಶಿ ಮಾರಿದ ದಿನ ಅವನು ಎಲ್ಲಾ ಕಟ್ತಾನೆ, ಆವತ್ತು ಒಳಗೆ ಬರ್ತೈತೆ. ಬರ್ಕಾ ಬೇಕಾರೆ."

ಹಾಗೆಂದವನು ತಿರುಗಿ ನಿಂತು ಜೀಪಿಗೆ ಬೆನ್ನು ಕೊಟ್ಟ. ಆ ತಗಡಿನ ತಣ್ಣನೆಯ ಏಣು ಬೆನ್ನಿಗೆ ತಾಕಿದ ಕೂಡಲೇ ಮೈಗೆ ಎಲ್ಲವೂ ನೆನಪಾಯಿತು. ಹಿಮ್ಮಡಿ ಊರಿದ. ಮೊಣಕಾಲು ಚುರ್ ಎಂದಿತು, ಎನ್ನಲಿ. ಅವನೊಬ್ಬನಿಗೇ ಅಲ್ಲಾಡಲಿಲ್ಲ. ಧರ್ಮಪ್ಪ ಬಂದು ಪಕ್ಕದಲ್ಲಿ ಕೈ ಹಚ್ಚಿದ. ಹೊನ್ನಾಳಿಯ ಊಟ ತಪ್ಪಿಹೋದೀತೆಂಬ ಚಿಂತೆಯಲ್ಲಿದ್ದ ಗುರುಬಸವರಾಜ್ ಕಾರಿನಿಂದಿಳಿದು, ಗೊಣಗುತ್ತಲೇ ಬಿಳಿ ಅಂಗಿಯ ತೋಳು ಮಡಚಿದ. ಏರು ದಾಟಿತು. ಆಚೆ ಬಸವಾಪಟ್ಟಣದ ರಸ್ತೆಯ ಇಳಿಜಾರು. ಜೀಪು ತಾನಾಗಿ ಉರುಳಿತು, ಒಮ್ಮೆ ಎಗರಿತು, ಹೊಗೆ ಉಗುಳಿ ಹಿಡಿದೇಬಿಟ್ಟಿತು.

ಕಲೀಮುಲ್ಲಾ ನಿಲ್ಲಿಸಲಿಲ್ಲ.

ನಿಧಾನವಾಗಿ, ಮಗು ನಡೆದಷ್ಟು ನಿಧಾನವಾಗಿ, ಜೀಪು ಮಳೆಯೊಳಗೆ ಹೋಗುತ್ತಿತ್ತು. ಹಿಂದೆ ತಿರುಗಿ ನೋಡದೆಯೇ ಎಡಗಡೆಗೆ ಒಂದು ಕೈ ಚಾಚಿಕೊಂಡಿತ್ತು. ಮೊದಲನೆಯ ಅಂತಸ್ತಿನ ಬಾಲ್ಕನಿಯಲ್ಲಿ ಶಿವಗಂಗಮ್ಮ, ಅವಳ ಪಕ್ಕದ ಬಾಲ್ಕನಿಯಲ್ಲಿ ಸೈದಾಬೀ ನಿಂತಿದ್ದರು. "ಕಾಲು ರೀ, ನಿಮ್ಮ ಕಾಲು" ಎಂದು ಶಿವಗಂಗಮ್ಮ ಮೇಲಿನಿಂದ ಕೂಗಿದಳು.

ಶಾಂತಿಸಾಗರ ಎನ್‌ಕ್ಲೇವಿನ ಅಧ್ಯಕ್ಷ ಪಂಚೆಯನ್ನು ಮೊಣಕಾಲಿಗೆ ಎತ್ತಿಕಟ್ಟಿ, ಸಂಘದ ಸಮಸ್ತ ಸದಸ್ಯರ ಎದುರು, ಕುಂಟುತ್ತ ಓಡಿದ. ಒಂದು ಚಪ್ಪಲಿ ಗೇಟಿನಲ್ಲೇ ಕಳಚಿ ಬಿತ್ತು. ಅವನು ಅದಕ್ಕಾಗಿ ತಿರುಗಲಿಲ್ಲ. ಒಗರಿಗೆ ಕಪ್ಪಾದ ಆ ಬೆರಳುಗಳು ಅವನ ಬಿಳಿ ಬೆರಳುಗಳನ್ನು ಸಿಕ್ಕಿಸಿಕೊಂಡು ಒಳಗೆ ಎಳೆದುಕೊಂಡವು. ಜೀಪು ಬಸವಾಪಟ್ಟಣದ ತೋಟದ ಕಡೆ ಹೋಯಿತು. ಗೇಟು ಹಾಕಲು ಬಂದ ಧರ್ಮಪ್ಪ ಆ ಚಪ್ಪಲಿಯನ್ನು ಎತ್ತಿ, ಮಳೆ ತಾಕದಂತೆ ತನ್ನ ಕುರ್ಚಿಯ ಕೆಳಗೆ ಇಟ್ಟ.